ಬೂತಿನ ಅಕ್ಕ ಮಾಡಿಸಿದ ಹಡಗಿನ ಮೀಟಿಂಗು

ಕಳೆದ ವಾರ ಹಾಸನದಿಂದ ತಿಪಟೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದಿನ ಸೀಟಿನ ಹೆಂಗಸು, ಮಗಳಿಗೆ ವಾಂತಿ ಬರುವ ಹಾಗಿದೆ ಎಂದು ಚೀಲದಿಂದ ನಿಂಬೆಹಣ್ಣೊಂದನ್ನು ತೆಗೆದು, ಸಿಪ್ಪೆಯನ್ನು ಉಗುರಿನಿಂದ ಗೀರಿ, ಮಗುವಿನ ಮೂಗಿಗೆ ಹಿಡಿದಳು. ಡೀಸೆಲ್ಲು, ಧೂಳು, ಬೆವರು ಇವೆಲ್ಲದರ ನಡುವೆ ಚುರುಕ್ಕೆನ್ನುವ ಆ ವಾಸನೆ ಹಿಂದಕ್ಕೆ ತೇಲಿ ಬಂತು... ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನ ಬಾಗಿಲ ಬಳಿ ನಿಂತು ಯಾರೋ "ಎಲ್ಲಾರ್ಗೂ ಬಂತಾ? ಹಿಂದ್ಗಡೆ ಸೀಟ್ನೋರ್ಗೆ ಬಂತಾ?" ಎಂದು ಕೂಗಿದ ಹಾಗಾಗಿ ಕತ್ತೆತ್ತಿ ನೋಡಿದೆ.

ಬಾಗಿಲ ಬಳಿ ಯಾರೂ ಇರಲಿಲ್ಲ. ಬೂತಿನ ಅಕ್ಕ ಹೋಗಿ ಎಷ್ಟೋ ವರ್ಷಗಳಾದವು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ತಿಪಟೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ನಮ್ಮ ಮನೆ ಇದ್ದದ್ದು ತುರುವೇಕೆರೆ ಕಡೆಯ ಹಳ್ಳಿಯಲ್ಲಿ. ದಿನಾ ಓಡಾಡುವುದು ಕಷ್ಟವೆಂದು ಕೊಬ್ಬರಿ ಮಾರುಕಟ್ಟೆಗೆ ಹೋಗುವ ರಸ್ತೆಯ ಒಂದು ವಠಾರದಲ್ಲಿ ಕೋಣೆ ಮಾಡಿಕೊಂಡಿದ್ದೆ. ಎದುರಿಗೇ ಅಕ್ಕನ ಎಸ್‌ಟಿಡಿ ಬೂತು. ವಾರಕ್ಕೊಮ್ಮೆ ಊರಿಗೆ ಫೋನ್ ಮಾಡಲು ಹೋಗುತ್ತಿದ್ದೆ. ಅಮ್ಮ ಪ್ರತಿ ಸಲವೂ ಹೊಸ ಗಂಡಿನ ವಿಷಯ ಹೇಳುತ್ತಿದ್ದಳು. ಪ್ರತಿ ಸಲವೂ ಅದು ಎಲ್ಲೋ ಒಂದು ಕಡೆ ತಪ್ಪಿಹೋಗುತ್ತಿತ್ತು. ಫೋನಿಟ್ಟು ಹೊರಬಂದಾಗ ನನ್ನ ಮುಖ ನೋಡಿದರೇ ಅಕ್ಕನಿಗೆ ಗೊತ್ತಾಗುತ್ತಿತ್ತು.

"ಹೋಯ್ತಾ ಇದೂ? ಹೋಗ್ಲಿ ಬುಡು. ಬಾ ಇಲ್ಲಿ, ಈ ಧರ್ಮಸ್ಥಳದ ಬಸ್ಸಿಗೆ ಸೀಟು ಹೊಂದಿಸ್ಕೊಡು" ಎನ್ನುತ್ತಿದ್ದರು.

ಅವರ ತವರು ಶೆಟ್ಟಿಕೆರೆ. ಓದಿದ್ದು ಎಸ್ಸೆಸ್ಸೆಲ್ಸಿ. ಚಿಕ್ಕವರಿದ್ದಾಗ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಕೈಯಲ್ಲಿದ್ದ ಕಸಬರಿಕೆ ಬಿಟ್ಟು ಓಡುತ್ತಿದ್ದರಂತೆ. ಹತ್ತುವುದಕ್ಕಲ್ಲ, ಯಾರು ಎಲ್ಲಿಗೆ ಹೋಗುತ್ತಾರೆ ಎಂದು ನೋಡುವುದಕ್ಕೆ. ಮದುವೆಯಾಗಿ ತಿಪಟೂರಿಗೆ ಬಂದ ಮೇಲೂ ಆ ಓಟ ನಿಂತಿರಲಿಲ್ಲ. ಬೂತಿನಲ್ಲಿ ಅವರಿಗೆಂದು ಒಂದು ಕುರ್ಚಿ ಇತ್ತು. ಅದರ ಮೇಲೆ ಗಿರಾಕಿಗಳ ಚೀಲ ಇರುತ್ತಿತ್ತೇ ಹೊರತು ಅಕ್ಕ ಇರುತ್ತಿರಲಿಲ್ಲ. ಫೋನಿನ ತಂತಿ ಎಷ್ಟು ಎಳೆಯುತ್ತದೋ ಅಷ್ಟು ದೂರ ಅತ್ತಿತ್ತ ನಡೆಯುತ್ತಲೇ ಮಾತಾಡುತ್ತಿದ್ದರು. ಕೂತ್ಕೊಳ್ಳಿ ಅಕ್ಕ ಎಂದರೆ, "ಕೂತ್ರೆ ಕಾಲು ಬೇರು ಬುಡ್ತವೆ ಕಣೇ ಟೀಚರಮ್ಮ" ಎಂದು ನಗುತ್ತಿದ್ದರು.

ಅವರ ಯಜಮಾನರು, ನಾನು ಭಾವ ಎಂದು ಕರೆಯುತ್ತಿದ್ದವರು, ಇದಕ್ಕೆ ತದ್ವಿರುದ್ಧ. ಒಂದು ಕೊಬ್ಬರಿ ಮಂಡಿಯಲ್ಲಿ ದರ್ಜೆ ನೋಡಿ ಕೊಬ್ಬರಿ ಬೇರ್ಪಡಿಸುವ ಕೆಲಸ ಅವರದು. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಅಲ್ಲಾಡದೆ ಕೂತಿರಬೇಕು. ಭಾವನ ಸ್ವಭಾವವೂ ಹಾಗೆಯೇ. ಮಂಡಿ, ಮನೆ, ಮತ್ತೆ ಮಂಡಿ. ಹೆಂಡತಿ ಊರೂರಿಗೆ ಬಸ್ಸು ಕಳಿಸಿದರೂ ತಾವು ಒಂದು ದಿನ ಆ ಬಸ್ಸು ಹತ್ತಿದವರಲ್ಲ.

ಬಸ್ಸು ಕಳಿಸುವ ಕೆಲಸ ಶುರುವಾದದ್ದು ಬೂತಿನಿಂದಲೇ. ಫೋನ್ ಮಾಡಲು ಬಂದ ಹೆಂಗಸರು, ಇಂಥಾ ದೇವಸ್ಥಾನಕ್ಕೆ ಹರಕೆ ಇದೆ, ಕರೆದುಕೊಂಡು ಹೋಗುವವರಿಲ್ಲ ಎಂದು ಕೊರಗುತ್ತಿದ್ದರು. ಅಕ್ಕ ಅಂಥವರನ್ನೆಲ್ಲ ಒಟ್ಟುಮಾಡಿ ಒಂದು ಮಿನಿಬಸ್ಸು ಗೊತ್ತುಮಾಡಿದರು. ಎಲ್ಲಿ ಇಳಿದರೆ ಛತ್ರ ಅಗ್ಗ, ಯಾವ ಊರಿನಲ್ಲಿ ಹೆಂಗಸರಿಗೆ ಬಚ್ಚಲು ಸರಿಯಿದೆ, ಎಲ್ಲವನ್ನೂ ಮೊದಲೇ ಫೋನಿನಲ್ಲಿ ವಿಚಾರಿಸುತ್ತಿದ್ದರು. ಬಸ್ಸು ಹೊರಡುವ ಮುಂಚೆ ಒಬ್ಬೊಬ್ಬರ ಕೈಗೂ ಒಂದೊಂದು ನಿಂಬೆಹಣ್ಣು. ಮದುವೆ ದಿಬ್ಬಣ, ಶಾಲಾ ಪ್ರವಾಸ... ಹೀಗೆ ಕೆಲಸ ಬೆಳೆಯಿತು. ಆದರೆ ಅಕ್ಕನಿಗೆ ಅಷ್ಟರಲ್ಲಿ ತೃಪ್ತಿ ಇರಲಿಲ್ಲ. "ಬರೀ ದೇವ್ರು ನೋಡಿಸಿದ್ದೇ ಆಯ್ತು. ಮನುಷ್ಯ ಮಾಡಿದ್ದು ಏನಾದ್ರೂ ತೋರಿಸ್ಬೇಕು" ಎನ್ನುತ್ತಿದ್ದರು.

ಆ ಹೊತ್ತಿಗೆ ಬೂತಿಗೆ ದಿನಾ ಬರುತ್ತಿದ್ದವರು ಒಂದು ಪೈಪ್ ಕಂಪನಿಯ ಏರಿಯಾ ಆಫೀಸರ್. ತೋಟಗಳಿಗೆ ನೀರು ಹಾಯಿಸುವ ಪೈಪುಗಳನ್ನು ಮಾರುವ ಕಂಪನಿ. ನಮ್ಮ ಸುತ್ತಿನ ತಾಲ್ಲೂಕುಗಳ ಅಂಗಡಿಯವರೆಲ್ಲ ಇವರ ಡೀಲರುಗಳು. ನಾವು ಅವರನ್ನು ಪೈಪಿನ ಸಾಹೇಬರು ಎನ್ನುತ್ತಿದ್ದೆವು. ವರ್ಷಕ್ಕೊಮ್ಮೆ ಡೀಲರುಗಳ ಸಭೆ ಮಾಡುವುದು ಅವರ ಜವಾಬ್ದಾರಿ. ಹಿಂದೆಲ್ಲ ತುಮಕೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆಯುತ್ತಿತ್ತಂತೆ. ಡೀಲರುಗಳು ಬಂದು, ಉಂಡು, ಉಡುಗೊರೆ ಹಿಡಿದು, ಭಾಷಣದ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದರು. ಆ ವರ್ಷ ಇನ್ನೊಂದು ಕಂಪನಿ ತನ್ನವರನ್ನು ಗೋವಾಕ್ಕೆ ಕರೆದೊಯ್ದಿತ್ತು. ಮುಂಬೈಯ ಹೆಡ್ಡಾಫೀಸಿನವರಿಗೆ ಕಿಚ್ಚು ಹತ್ತಿತು. ನಾವು ಹಡಗಿನಲ್ಲೇ ಸಭೆ ಮಾಡೋಣ ಎಂದರು. ಖರ್ಚಿಗೆ ಕೊಡುವುದು ಮಾತ್ರ ಕಲ್ಯಾಣಮಂಟಪದಷ್ಟೇ.

ಪೈಪಿನ ಸಾಹೇಬರು ಗಾಜಿನ ಗೂಡಿನೊಳಗೆ ನಿಂತು ಅಂಗಲಾಚುವುದು ನಮಗೆ ಹೊರಗೇ ಕೇಳುತ್ತಿತ್ತು. ಬೆವರು ಒರೆಸಿಕೊಂಡು ಹೊರಬಂದವರನ್ನು ಅಕ್ಕ ತಡೆದು ನಿಲ್ಲಿಸಿದರು.

"ಹಡಗು ತಾನೇ ಸಾರ್? ನಾನ್ ಮಾಡಿಸ್ಕೊಡ್ತೀನಿ."

"ನೀವು ಹಡಗು ನೋಡಿದೀರೇನಮ್ಮಾ?"

"ನೀವು ನೋಡಿದೀರಾ?"

ಸಾಹೇಬರು ನಕ್ಕುಬಿಟ್ಟರು. ಅವರೂ ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ, ನಮ್ಮ ಬೂತಿನ ಜ್ವರ. ನಾನು ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅಕ್ಕ ಕೂಗುತ್ತಿದ್ದರು. ಇಂಗ್ಲಿಷಿನಲ್ಲಿ ಮಾತಾಡುವುದು ನನ್ನ ಪಾಲು; ಏನು ಕೇಳಬೇಕು ಎಂದು ಪಕ್ಕದಲ್ಲಿ ನಿಂತು ಚುಚ್ಚುವುದು ಅವರ ಪಾಲು. ಗೋವಾಕ್ಕೆ ಮಾಡಿದೆವು, ಮಂಗಳೂರಿಗೆ ಮಾಡಿದೆವು, ಮುಂಬೈಗೆ ಮಾಡಿದೆವು. ಮೀಟರಿನ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತ ನನ್ನ ಇಂಗ್ಲಿಷು ತಡವರಿಸುತ್ತಿತ್ತು. ದೊಡ್ಡ ಹಡಗಿನವರು ನಮ್ಮ ಲೆಕ್ಕ ಕೇಳಿ ಫೋನ್ ಇಟ್ಟೇಬಿಡುತ್ತಿದ್ದರು. ಲೈನು ಸಿಕ್ಕರೆ ಆಸಾಮಿ ಸಿಗುತ್ತಿರಲಿಲ್ಲ, ಆಸಾಮಿ ಸಿಕ್ಕರೆ ಲೈನು ಕಡಿದುಹೋಗುತ್ತಿತ್ತು. ಅಕ್ಕ ಬಾಗಿಲಿಗೂ ಫೋನಿಗೂ ನಡೆದೂ ನಡೆದೂ ಬೂತಿನ ನೆಲ ಸವೆದಿದೆ ಎಂದು ಭಾವ ತಮಾಷೆ ಮಾಡುತ್ತಿದ್ದರು.

ಕೊನೆಗೆ ಕೊಚ್ಚಿಯಲ್ಲಿ ಒಬ್ಬ ಲಾಂಚಿನ ಮಾಲೀಕ ಸಿಕ್ಕಿದ. ಎರಡಂತಸ್ತಿನ ದೊಡ್ಡ ದೋಣಿ ಅವನದು. ಮದುವೆ ಪಾರ್ಟಿಗಳನ್ನು ಬಂದರಿನಿಂದ ಸಮುದ್ರದೊಳಕ್ಕೆ ಸುತ್ತಾಡಿಸಿ ತರುತ್ತಿದ್ದ. ಅದೂ ನಮ್ಮ ಕೈಗೆ ನಿಲುಕುತ್ತಿರಲಿಲ್ಲ. ಅಲ್ಲಿಂದ ಅಕ್ಕನ ತಲೆ ಓಡಿದ್ದನ್ನು ನಾನು ಬೆರಗಿನಿಂದ ನೋಡಿದೆ.

"ಸಭೆಗೆ ಮಂಟಪ, ಆಮೇಲೆ ತಿರುಗಾಡಕ್ಕೆ ದೋಣಿ ಅಂತ ಎರಡೆರಡು ಬಾಡಿಗೆ ಯಾಕೆ? ದೋಣಿನೇ ಮಂಟಪ. ನೀರ ಮೇಲೇ ಮೀಟಿಂಗು" ಎಂದರು. ಆ ಕಡೆ ನಮ್ಮವರು ಉಣ್ಣುವಂಥ ಸಸ್ಯಾಹಾರ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅದಕ್ಕೆ ತಿಪಟೂರಿನ ಮದುವೆಮನೆಗಳ ಅಡುಗೆಭಟ್ಟರನ್ನೇ ಕರೆದೊಯ್ಯುವುದೆಂದಾಯಿತು. ಡೀಲರುಗಳಿಗೆ ಉಡುಗೊರೆಯಾಗಿ ಸೂಟ್‌ಕೇಸಿನ ಬದಲು ಕಂಪನಿಯ ಹೆಸರು ಕೆತ್ತಿದ ಸ್ಟೀಲ್ ಕ್ಯಾರಿಯರು. ಆ ಕ್ಯಾರಿಯರಿನಲ್ಲೇ ರೈಲಿನ ಊಟ ಹಾಕಿ ಕೊಡುವುದು. ಉಡುಗೊರೆಯೂ ಆಯಿತು, ತಟ್ಟೆ ಲೋಟದ ಖರ್ಚೂ ಉಳಿಯಿತು. ಬ್ಯಾನರನ್ನು ಸಿನಿಮಾ ಬೋರ್ಡು ಬರೆಯುವವನ ಕೈಲಿ ಬಟ್ಟೆಯ ಮೇಲೆ ಬರೆಸಿದರು. ಅವನು ಇಸವಿ ಬರೆಯಲು ಹೊರಟಾಗ ಅಕ್ಕ ಕೈ ಹಿಡಿದು ನಿಲ್ಲಿಸಿದರು. "ವರ್ಷ ಬರೀಬ್ಯಾಡ ಕಣಪ್ಪ. ಬರೋ ವರ್ಷಕ್ಕೂ ಬೇಕಾಯ್ತದೆ."

ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಅವರ ಮನಸ್ಸು ಓಡುತ್ತಿತ್ತು. ಈ ಕಂಪನಿ ಒಪ್ಪಿದರೆ ಗೊಬ್ಬರದ ಕಂಪನಿ, ಆಮೇಲೆ ಸಿಮೆಂಟಿನವರು... ಬೂತಿನ ಮೇಲೆ ಟ್ರಾವೆಲ್ಸ್ ಎಂಬ ಹೊಸ ಬೋರ್ಡು ಏರುತ್ತದೆ. ಅಷ್ಟೆಲ್ಲ ಈ ಒಂದು ಸಭೆಯ ಮೇಲೆ ನಿಂತಿತ್ತು.

ಇಷ್ಟಾದರೂ ಲಾಂಚಿನ ಬಾಡಿಗೆ ಇನ್ನೂ ಕೊಂಚ ಮೇಲೆಯೇ ಇತ್ತು. ಮಾಲೀಕ ತಾನಾಗಿಯೇ ಒಂದು ದಾರಿ ಹೇಳಿದ. ಮೇ ತಿಂಗಳ ಕೊನೆಗೆ ಬನ್ನಿ, ತುಂಬಾ ಕಡಿಮೆ ಮಾಡಿಕೊಡುತ್ತೇನೆ ಎಂದ. ನನಗೂ ಬೇಸಗೆ ರಜೆ, ನಾನೂ ಹೊರಡಬಹುದು. ಅಕ್ಕ ಕುಣಿದಾಡಿಬಿಟ್ಟರು. ಭಾವ ಮಾತ್ರ ಊಟದ ತಟ್ಟೆಯಿಂದ ತಲೆಯೆತ್ತಿ, "ಅಗ್ಗ ಯಾಕೆ ಅಂತ ಕೇಳಿದ್ಯೇನೇ?" ಎಂದರು.

"ಮಳೆ ಹತ್ರ ಬಂದಿರ್ತದೆ, ಜನ ಬರಲ್ಲ, ಅದಕ್ಕೇ ಅಂತೆ. ಮಳೆ ಬಂದ್ರೆ ಕರಗಕ್ಕೆ ನಾವೇನು ಬೆಲ್ಲವಾ?"

ಭಾವ ಮತ್ತೆ ತಟ್ಟೆಗೆ ಬಗ್ಗಿದರು. ಆದರೆ ಆ ಪ್ರಶ್ನೆ ಅಕ್ಕನ ಮನಸ್ಸಿನಲ್ಲಿ ನಾಟಿಬಿಟ್ಟಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಹೊರಡುವ ದಿನ ಹತ್ತಿರವಾದಂತೆ ರೇಡಿಯೋದಲ್ಲಿ ಹವಾಮಾನದ ಸುದ್ದಿ ಬರುವಾಗೆಲ್ಲ, ಫೋನಿನಲ್ಲಿ ಯಾರಿದ್ದರೂ, "ಒಂದ್ನಿಮಿಷ ಇರಿ" ಎಂದು ನಿಲ್ಲಿಸಿ ಕೇಳುತ್ತಿದ್ದರು.

ತಿಪಟೂರು ಸ್ಟೇಷನ್ನಿನಿಂದ ಹೊರಟಾಗ ಮದುವೆ ದಿಬ್ಬಣದ ಗದ್ದಲ. ಬೆಂಗಳೂರಿನಲ್ಲಿ ರೈಲು ಬದಲಿಸಿ ಕೊಚ್ಚಿಗೆ. ಡೀಲರುಗಳಲ್ಲಿ ಹಿರಿಯರು ಹುಳಿಯಾರು ಕಡೆಯವರೊಬ್ಬರು. ತಲೆಗೆ ಟವೆಲ್ಲು, ಬಾಯಲ್ಲಿ ಎಲೆಯಡಿಕೆ, ಎಲ್ಲದಕ್ಕೂ ಒಂದು ಕೊಂಕು. ಬೆಳಗಾಗಿ ಕಿಟಕಿಯಾಚೆ ಸಾಲುಸಾಲು ತೆಂಗಿನಮರ ಕಂಡದ್ದೇ ತಡ, ಅವರು ಅಕ್ಕನನ್ನು ಕರೆದರು.

"ಅಲ್ಲಾ ಕಣಮ್ಮ, ತೆಂಗಿನಮರ ನೋಡಕ್ಕೆ ಇಷ್ಟು ದೂರ ಬರಬೇಕಿತ್ತಾ? ನೀರು ನೋಡಕ್ಕೆ ನಮ್ಮ ಬೋರನಕಣಿವೆ ಡ್ಯಾಮೇ ಸಾಕಾಗಿತ್ತು!"

ಇಡೀ ಬೋಗಿ ನಕ್ಕಿತು. ಅಕ್ಕನೂ ನಕ್ಕರು; ಆದರೆ ಅವರ ಕಣ್ಣು ಮರಗಳ ಮೇಲಿರಲಿಲ್ಲ, ಆಕಾಶದ ಮೇಲಿತ್ತು. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು.

ದೋಣಿ ಹತ್ತುವ ಜೆಟ್ಟಿಗೆ ಬಂದಾಗ ಮೋಡ ಕವಿದಿತ್ತು. ಅಂದು ನಾನು ಮೊದಲ ಸಲ ಸಮುದ್ರದ ನೀರು ನೋಡಿದ್ದು. ಬಂದರಿನೊಳಗಿನ ನೀರು ಕೆರೆಯ ಹಾಗೆ ಅಲ್ಲಾಡುತ್ತಿತ್ತು. ದೂರದಲ್ಲಿ, ಬಂದರು ಸಮುದ್ರಕ್ಕೆ ಬಾಯಿ ಬಿಡುವ ಅಳಿವೆಯ ಆಚೆ, ಬೂದು ಬಣ್ಣದ ನೀರು ನಿಧಾನವಾಗಿ ಏಳುತ್ತಿತ್ತು, ಬೀಳುತ್ತಿತ್ತು. ಮುಂಬೈಯಿಂದ ವಿಮಾನದಲ್ಲಿ ಬಂದ ಕಂಪನಿಯ ದೊಡ್ಡ ಸಾಹೇಬರು ಕ್ಯಾಮೆರಾದವನೊಡನೆ ಆಗಲೇ ಕಾಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ: ನಡುಸಮುದ್ರದಲ್ಲಿ ಕಂಪನಿಯ ಬ್ಯಾನರಿನ ಕೆಳಗೆ ನಗುತ್ತಿರುವ ಡೀಲರುಗಳ ಫೋಟೊ.

ಗಾಳಿ ಏಳುವ ಸೂಚನೆ ಇದೆಯೆಂದು ಮೀನುಗಾರರಿಗೆ ಎಚ್ಚರಿಕೆ ಹೇಳಿದ್ದಾರೆ ಎಂದು ಜೆಟ್ಟಿಯ ಚಹಾದಂಗಡಿಯವನು ಹೇಳಿದ. ಲಾಂಚಿನ ಮಾಲೀಕ, ಅದು ಸಣ್ಣ ದೋಣಿಗಳಿಗೆ, ನಮಗಲ್ಲ ಎಂದ. ಅಕ್ಕ ಲಾಂಚು ಹತ್ತಿ ಒಳಗೆ ಹೋದರು. ಬೆಂಚುಗಳ ಕೆಳಗೆ ತುರುಕಿದ್ದ ಲೈಫ್ ಜಾಕೆಟ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಅರ್ಧಕ್ಕರ್ಧ ಪಟ್ಟಿ ಹರಿದಿದ್ದವು. ಆಮೇಲೆ ಲಾಂಚು ನಡೆಸುವ ಮುದುಕನ ಮುಂದೆ ನಿಂತು, ಸಮುದ್ರದ ಕಡೆ ಕೈ ತೋರಿಸಿ, ಹೋಗಬಹುದಾ ಎಂದು ಸನ್ನೆ ಮಾಡಿದರು. ಅವನು ಮಾಲೀಕನನ್ನೊಮ್ಮೆ ನೋಡಿ "ಪೋಗಾಂ, ಪೋಗಾಂ" ಎಂದ.

ಅಕ್ಕ ಇಳಿದು ಬಂದು ನನ್ನ ತೋಳು ಹಿಡಿದರು. "ಬಾಯಲ್ಲಿ ಹೋಗಣ ಅಂದ ಕಣೇ. ಕಣ್ಣು ಮೋಡದ ಮೇಲಿತ್ತು."

ಪೈಪಿನ ಸಾಹೇಬರನ್ನು ಕರೆದು ಹೇಳಿದರು: ಬಂದರಿನ ಒಳಗೆ ಎಷ್ಟು ಬೇಕಾದರೂ ಸುತ್ತೋಣ, ಅಳಿವೆ ದಾಟುವುದು ಬೇಡ. ಸಾಹೇಬರ ಮುಖ ಬಾಡಿಹೋಯಿತು.

"ಅವರೇ ಕರ್ಕೊಂಡು ಹೋಗ್ತೀವಿ ಅಂತಿದಾರಲ್ರೀ! ನನ್ನ ಕೆಲಸ ಹೋಗುತ್ತೆ ಅಮ್ಮಾ. ಒಂದು ಗಂಟೆ, ಹೋಗಿ ಬಂದ್ಬಿಡೋಣ."

"ಜನಾನ ಮನೆಯಿಂದ ಕರ್ಕೊಂಡು ಬಂದೋಳು ನಾನು ಸಾರ್. ಅವರಲ್ಲ."

ಅಷ್ಟರಲ್ಲಿ ಮುಂಬೈ ಸಾಹೇಬರು, ತಡ ಯಾಕೆ ಎನ್ನುತ್ತ ಡೀಲರುಗಳನ್ನು ಹತ್ತಿಸಲು ಹೊರಟರು. ಜನ ನುಗ್ಗಿದರು. ಆಗ ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಹೋಗಿ, ಜೆಟ್ಟಿಯಿಂದ ಲಾಂಚಿಗೆ ಹಾಕಿದ್ದ ಹಲಗೆಯ ನಟ್ಟನಡುವೆ ಕೂತುಬಿಟ್ಟರು.

ಅಷ್ಟು ಕಾಲದಲ್ಲಿ ಅವರು ಒಂದು ಕಡೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಗೆ ನೀರು ಹಲಗೆಯನ್ನು ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ಅವರು ಎರಡೂ ಕೈಯಲ್ಲಿ ಅದರ ಅಂಚು ಹಿಡಿದುಕೊಂಡಿದ್ದರು. ಮುಖ ಬಿಳಿಚಿಕೊಂಡಿತ್ತು.

ಮುಂಬೈ ಸಾಹೇಬರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: ಈ ಹೆಂಗಸನ್ನು ನಾವು ಏರ್ಪಾಡು ಮಾಡಲು ಕರೆದಿದ್ದೇವೋ, ಹೆದರಿಸಲು ಕರೆದಿದ್ದೇವೋ? ನಾನು ಅದನ್ನು ಕನ್ನಡಕ್ಕೆ ತಂದೆ, ಸ್ವಲ್ಪ ಮೆತ್ತಗೆ ಮಾಡಿ. ಅಕ್ಕ ನನ್ನನ್ನೇ ನೋಡಿ, "ಅವರು ಅಂದಿದ್ದು ಅಷ್ಟೇ ಆಗಿರಲ್ಲ, ಇರ್ಲಿ. ನನಗೆ ಹೆದರಿಕೆ ಆಗ್ತದೆ ಅಂತ ಹೇಳು. ಹೆದರಿಕೆ ಹೋಗೋಗಂಟ ಏಳಲ್ಲ ಅಂತ ಹೇಳು" ಎಂದರು.

ಹುಳಿಯಾರಿನ ಹಿರಿಯರು ಎಲ್ಲರಿಗಿಂತ ಮುಂದೆ, ಹಲಗೆಯ ಬುಡದಲ್ಲೇ ನಿಂತಿದ್ದರು. ಅವರು ದಾಟಿಕೊಂಡು ಹೋಗುತ್ತೇನೆಂದರೆ ಉಳಿದವರೂ ಹೋಗುತ್ತಿದ್ದರು. ಅವರು ಅಕ್ಕನನ್ನು ನೋಡಿದರು, ನೀರಿಗೆ ಎಲೆಯಡಿಕೆ ಉಗಿದರು, ಹಿಂದಕ್ಕೆ ಸರಿದು ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಅವರ ಹಿಂದೆ ಇನ್ನಿಬ್ಬರು. ಆಮೇಲೆ ಎಲ್ಲರೂ.

ಅಷ್ಟರಲ್ಲಿ ಮಳೆ ಹಿಡಿಯಿತು. ಅಳಿವೆ ದಾಟುವುದಿಲ್ಲ ಎಂದು ಮಾಲೀಕನ ಬಾಯಿಂದ ಮಾತು ಪಡೆದ ಮೇಲೆಯೇ ಅಕ್ಕ ಹಲಗೆಯಿಂದ ಎದ್ದರು. ಕಟ್ಟಿಹಾಕಿದ ಲಾಂಚಿನಲ್ಲೇ, ಟಾರ್ಪಾಲಿನ ಪರದೆ ಇಳಿಬಿಟ್ಟು, ಸಭೆ ಶುರುವಾಯಿತು. ನೀವು ನಗಬಹುದು, ಆದರೆ ಅಂಥ ಸಭೆಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಹೊರಗೆ ಮಳೆ, ಎದ್ದು ಹೋಗಲು ಯಾರಿಗೂ ಜಾಗವಿಲ್ಲ. ಭಟ್ಟರು ಹಿಂದುಗಡೆ ಉಪ್ಪಿಟ್ಟು ಕೆದಕುತ್ತಿದ್ದಾರೆ, ಲಾಂಚು ತೂಗುತ್ತಿದೆ, ಅಕ್ಕ ಬೆಂಚುಗಳ ನಡುವೆ ನಿಂಬೆಹಣ್ಣು ಹಂಚುತ್ತ ಓಡಾಡುತ್ತಿದ್ದಾರೆ. ಮುಂಬೈ ಸಾಹೇಬರ ಭಾಷಣ ಮುಗಿದ ಮೇಲೆ ಹುಳಿಯಾರಿನ ಹಿರಿಯರು ಎದ್ದು, ನಿಮ್ಮ ಪೈಪು ನಮ್ಮ ಬಿಸಿಲಿಗೆ ಬಿರಿಯುತ್ತದೆ, ರೈತರು ಬಂದು ನಮ್ಮ ಅಂಗಡಿ ಮುಂದೆ ಜಗಳ ತೆಗೆಯುತ್ತಾರೆ, ಅದಕ್ಕೇನು ಹೇಳುತ್ತೀರಿ ಎಂದರು. ನಾನು ಇಂಗ್ಲಿಷಿಗೆ ತಂದೆ. ಒಬ್ಬರಾದ ಮೇಲೆ ಒಬ್ಬರು ಎದ್ದರು. ವರ್ಷಗಳಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಹೊರಗೆ ಬಂತು. ಮುಂಬೈ ಸಾಹೇಬರಿಗೆ ತಪ್ಪಿಸಿಕೊಂಡು ಹೋಗಲು ದಾರಿಯಿರಲಿಲ್ಲ, ಕೇಳಿಸಿಕೊಂಡರು. ಮುಂದೆ ಪೈಪು ಗಟ್ಟಿಯಾಗಿ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.

ಮಧ್ಯಾಹ್ನ ಮಳೆ ನಿಂತಿತು. ಬಂದರಿನೊಳಗೆ ಒಂದು ಸುತ್ತು ಹಾಕಿ, ಅಳಿವೆಯ ಹತ್ತಿರ ಲಾಂಚು ತಿರುಗಿಸಿಕೊಂಡು ಬಂದೆವು. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರು. ಹಿಂದುಗಡೆ ಸಮುದ್ರವಿರಲಿಲ್ಲ, ಸಾಮಾನು ಇಳಿಸುವ ಕ್ರೇನುಗಳಿದ್ದವು.

ಆಮೇಲೆ ನಡೆದದ್ದನ್ನೂ ಹೇಳಬೇಕು. ನಾವು ಜೆಟ್ಟಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಮೋಡ ಹರಿದು ಬಿಸಿಲು ಬಂತು. ಕಾಲೇಜು ಹುಡುಗರನ್ನು ತುಂಬಿಕೊಂಡ ಇನ್ನೊಂದು ಲಾಂಚು, ಹಾಡಿನ ಗದ್ದಲದೊಡನೆ, ನಮ್ಮ ಕಣ್ಣೆದುರೇ ಅಳಿವೆ ದಾಟಿ ಸಮುದ್ರಕ್ಕೆ ಹೋಯಿತು. ಸಂಜೆ ನಾವು ರೈಲಿಗೆ ಹೊರಡುವ ಮುಂಚೆ ಹಾಗೇ ಹಾಡಿಕೊಂಡು ಕ್ಷೇಮವಾಗಿ ವಾಪಸು ಬಂತು. ಒಂದು ಹನಿ ಮಳೆಯಿಲ್ಲ, ಒಂದು ದೊಡ್ಡ ಅಲೆಯಿಲ್ಲ. ಮುಂಬೈ ಸಾಹೇಬರು ಅದನ್ನು ನೋಡಿದರು, ಅಕ್ಕನನ್ನು ನೋಡಿದರು, ಕಾರು ಹತ್ತಿದರು.

ವಾಪಸು ಬರುವ ರೈಲಿನಲ್ಲಿ ಯಾರೋ ಮೇಲಿನ ಬರ್ತಿನಿಂದ, "ಯಮ್ಮಂಗೆ ಧೈರ್ಯ ಸಾಲದು, ಅದಕ್ಕೇ ಹೆಂಗಸರ ಕೈಗೆ ಕೊಡಬಾರದು" ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಅಕ್ಕ ಬಾಗಿಲ ಹತ್ತಿರ ನಿಂತಿದ್ದರು. ನಾನು ಪಕ್ಕಕ್ಕೆ ಹೋಗಿ, ಹೋಗಿದ್ದರೆ ನಮಗೂ ಏನೂ ಆಗುತ್ತಿರಲಿಲ್ಲವೇನೋ ಅಕ್ಕ ಎಂದೆ. ಸಮಾಧಾನ ಹೇಳಲು ಹೋಗಿ ಬಾಯಿಗೆ ಬಂದದ್ದು ಅದು.

"ಆಗ್ತಿತ್ತೋ ಇಲ್ವೋ ಗೊತ್ತಿಲ್ಲ ಕಣೇ. ಗೊತ್ತಿಲ್ಲ ಅಂತಲೇ ಬೇಡ ಅಂದೆ" ಎಂದರು. ಆಮೇಲೆ, "ಆದ್ರೂ ನೋಡ್ಬೇಕಿತ್ತು ಆಚೆ ಏನೈತೆ ಅಂತ..." ಎಂದು ಹೊರಗೆ ನೋಡುತ್ತ ನಿಂತರು.

ಮುಂದಿನ ವರ್ಷ ಕಂಪನಿ ಬೆಂಗಳೂರಿನ ಯಾವುದೋ ಏಜೆನ್ಸಿಗೆ ಸಭೆಯ ಕೆಲಸ ಕೊಟ್ಟಿತು. ಪೈಪಿನ ಸಾಹೇಬರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೋಗುವ ದಿನ ಬೂತಿಗೆ ಬಂದು ಕೈಮುಗಿದು ಹೋದರು. ಗೊಬ್ಬರದವರೂ ಬರಲಿಲ್ಲ, ಸಿಮೆಂಟಿನವರೂ ಬರಲಿಲ್ಲ. ಇಸವಿಯಿಲ್ಲದ ಬ್ಯಾನರನ್ನು ಭಾವ ಕೊಬ್ಬರಿ ಮೂಟೆಗಳಿಗೆ ಹೊದಿಸಿದರು. ಅಕ್ಕ ಮತ್ತೆ ದೇವಸ್ಥಾನದ ಬಸ್ಸುಗಳಿಗೆ ಮರಳಿದರು. ನಡಿಗೆ ಮಾತ್ರ ಹೆಚ್ಚಾಯಿತು. ಫೋನಿನಲ್ಲಿ ಮಾತಿಲ್ಲದಾಗಲೂ ನಡೆಯುತ್ತಿದ್ದರು.

ನನಗೆ ಹಾಸನದ ಕಡೆ ಮದುವೆಯಾಯಿತು. ಎಲ್ಲರ ಕೈಗೂ ಮೊಬೈಲು ಬಂದು ಬೂತುಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲಕ್ಕೆ, ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು. ನಾನು ಆಗ ಬಾಣಂತಿ. ಅವರ ದನಿ ಕೇಳಿದರೇ ಗೊತ್ತಾಗುತ್ತಿತ್ತು, ತಂತಿ ಎಳೆದುಕೊಂಡು ನಡೆಯುತ್ತಿದ್ದಾರೆ ಎಂದು.

"ಯಾರು ಬಂದಿದ್ರು ಹೇಳು! ಹುಳಿಯಾರಿನ ಯಜಮಾನ್ರು!"

ಹಿರಿಯರಿಗೆ ವಯಸ್ಸಾಗಿತ್ತು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಕೈಗೂಸುಗಳು, ಇಡೀ ಮನೆಯನ್ನು ಒಟ್ಟಿಗೆ ಕರೆದೊಯ್ದು ಸಮುದ್ರ ತೋರಿಸಬೇಕೆಂದು ಅವರಿಗೆ ಆಸೆ. ದೊಡ್ಡ ಟ್ರಾವೆಲ್ಸಿನವರಿಗೆ ಹೇಳೋಣ ಎಂದು ಮಗ ಅಂದನಂತೆ. ಹಿರಿಯರು ಒಪ್ಪಲಿಲ್ಲ. ತಾವೇ ಬಸ್ಸು ಹತ್ತಿ ತಿಪಟೂರಿಗೆ ಬಂದು ಬೂತಿನ ಮುಂದೆ ನಿಂತು, "ಅವತ್ತು ನಮ್ಮನ್ನ ಹತ್ತಿಸ್ಲಿಲ್ಲವಲ್ಲ ಕಣಮ್ಮ ನೀನು, ಅದಕ್ಕೇ ಬಂದಿದೀನಿ. ನನ್ನ ಮೊಮ್ಮಕ್ಕಳನ್ನ ನೀನು ಹತ್ತು ಅಂದ್ರೆ ಹತ್ತಿಸ್ತೀನಿ, ಬ್ಯಾಡ ಅಂದ್ರೆ ಬ್ಯಾಡ" ಎಂದರಂತೆ.

ಅಕ್ಕ ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದರು: ಈ ಸಲ ಅಗ್ಗದ ತಿಂಗಳು ಬೇಡ, ಜನವರಿ, ಹೆಚ್ಚಿದ ಬಾಡಿಗೆಯನ್ನು ಊಟ ಬಸ್ಸಿನಲ್ಲಿ ಉಳಿಸುತ್ತೇನೆ, ಲೈಫ್ ಜಾಕೆಟ್ಟು ನೋಡಲು ಮೊದಲೇ ಒಂದು ಸಲ ನಾನೇ ಹೋಗಿಬರುತ್ತೇನೆ, ಮಕ್ಕಳ ಅಳತೆಯವೂ ಬೇಕು... "ನಿಮ್ಮ ಭಾವನೂ ಬತ್ತಾವ್ರೆ ಕಣೇ! ಮಂಡಿಗೆ ರಜೆ ಹಾಕವ್ರೆ! ನೀನೂ ಬಾ, ಸೀಟು ಇಟ್ಟಿರ್ತೀನಿ." ಎಳೆಯ ಮಗುವನ್ನು ಕಟ್ಟಿಕೊಂಡು ನಾನು ಹೇಗೆ ಹೋಗಲಿ? ಹೋಗಿಬನ್ನಿ ಅಕ್ಕ, ಬಂದು ಎಲ್ಲ ಹೇಳಿ ಎಂದೆ.

ಅವರು ಹೋದರು. ಅಳಿವೆ ದಾಟಿದರು. ಬಂದ ಮೇಲೆ ಫೋನಿನಲ್ಲಿ, "ಎಲ್ಲಾ ಚೆನ್ನಾಗಾಯ್ತು, ಸಿಕ್ಕಾಗ ಹೇಳ್ತೀನಿ, ಮುಖ ನೋಡ್ಕೊಂಡು ಹೇಳೋ ಅಂಥದ್ದು" ಎಂದರು.

ನಾನು ತಿಪಟೂರಿಗೆ ಹೋಗಲು ಸಾಧ್ಯವಾಗುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಸಕ್ಕರೆ ಕಾಯಿಲೆ, ಕಾಲಿನಲ್ಲೊಂದು ಗಾಯ. ನಡೆಯಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವರು ಕೇಳಿರಲಿಲ್ಲ. ಗಾಯ ಮೇಲಕ್ಕೆ ಹತ್ತಿತ್ತು. ಫೋನಿನ ತಂತಿಯನ್ನು ಮಂಚದವರೆಗೆ ಎಳೆಸಿಕೊಂಡು ಯಾರದೋ ದಿಬ್ಬಣಕ್ಕೆ ಬಸ್ಸು ಹೊಂದಿಸುತ್ತಿದ್ದರು. ನನ್ನನ್ನು ಕಂಡು, ಇರು ಎಂದು ಕೈ ಮಾಡಿದರು. ಕರೆ ಮುಗಿಯುವಷ್ಟರಲ್ಲಿ ಇನ್ನೊಂದು ಕರೆ ಬಂತು. ಆಮೇಲೆ ಔಷಧಿಯ ಮಂಪರು... ಸಮುದ್ರದ ಮಾತು ಆ ದಿನ ಬರಲೇ ಇಲ್ಲ. ಮತ್ತೆ ಬರುತ್ತೇನೆ ಎಂದು ಎದ್ದೆ. ಮತ್ತೆ ಹೋದದ್ದು ಅವರ ತಿಥಿಗೆ.

ಕಳೆದ ವಾರ ನಾನು ತಿಪಟೂರಿಗೆ ಹೋದದ್ದು ಬೇರೆ ಕೆಲಸಕ್ಕೆ. ಬಸ್ಸಿಳಿದ ಮೇಲೆ ಕಾಲು ತಾನಾಗಿ ಮಾರುಕಟ್ಟೆ ರಸ್ತೆಗೆ ತಿರುಗಿತು. ಭಾವ ಈಗ ತಮ್ಮನ ಸಂಸಾರದೊಡನೆ ಇದ್ದಾರೆ. ಕಣ್ಣು ಮಂಜಾಗಿದೆ, ಆದರೂ ಬೆಳಗ್ಗೆ ಒಂದು ಗಳಿಗೆ ಮಂಡಿಗೆ ಹೋಗಿ ಕೂತು ಬರುತ್ತಾರಂತೆ. ನನ್ನ ದನಿ ಕೇಳಿ "ಟೀಚರಮ್ಮ!" ಎಂದು ಗುರುತು ಹಿಡಿದರು. ಕಾಫಿ ಬಂತು. ಅದೂ ಇದೂ ಮಾತಾಡಿ, ಕೊನೆಗೆ ಅಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ. "ಅವತ್ತು ಸಮುದ್ರದಾಗೆ ಅಕ್ಕ ಹೆಂಗಿದ್ರು ಭಾವ?"

ಭಾವ ಲೋಟ ಕೆಳಗಿಟ್ಟರು.

"ಎಲ್ಲಿ ನೋಡಿದ್ಲು ಕಣಮ್ಮ ಸಮುದ್ರಾನ? ಹತ್ತಿದಾಗಿಂದ ಇಳಿಯೋಗಂಟ ಮಕ್ಕಳನ್ನ ಎಣಿಸಿದ್ದೇ ಎಣಿಸಿದ್ದು. ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಒಂದು ಗಳಿಗೆ ನಿಂತ್ಕೊಂಡು ನೋಡೇ ಅಂದೆ. ನೀವು ನೋಡ್ಕೊಳ್ರಿ, ಆಮೇಲೆ ನಂಗೆ ಹೇಳೋರಂತೆ ಅಂದ್ಲು."

"ಹೇಳಿದ್ರಾ?"

ಅವರು ಕೆಳಗಿಟ್ಟ ಲೋಟವನ್ನು ಕೈಯಿಂದ ತಡಕಿ ಪಕ್ಕಕ್ಕೆ ಸರಿಸಿದರು.

"ಏನು ಹೇಳ್ಲಿ? ನಾನೂ ನೋಡ್ಲಿಲ್ಲ. ಅವಳು ಎಲ್ಲಿ ಎಡವಿ ಬೀಳ್ತಾಳೋ ಅಂತ ಅವಳನ್ನೇ ನೋಡ್ತಾ ಇದ್ದೆ."

ಒಳಗಿಂದ ಯಾರೋ ಭಾವನನ್ನು ಊಟಕ್ಕೆ ಕರೆದರು. ಅವರು ಏಳಲಿಲ್ಲ. ನಾನೂ ಏಳಲಿಲ್ಲ. ಅಕ್ಕ ಫೋನಿನಲ್ಲಿ ಅಂದಿದ್ದ, ಮುಖ ನೋಡಿಕೊಂಡು ಹೇಳುವಂಥದ್ದು ಏನಿತ್ತು ಎಂದು ಇನ್ನು ಯಾರನ್ನೂ ಕೇಳುವಂತಿಲ್ಲ.